ಗುಂಡಿ ಡಬ್ಬಿಯಲ್ಲಿ ಸಮಪಾಲು

ಆ ಅಂಗಡಿಯ ನಲವತ್ತೊಂದು ವರ್ಷಗಳ ಚರಿತ್ರೆಯಲ್ಲಿ ಗುಂಡಿ ಡಬ್ಬಿಯನ್ನು ತಳ ಕಾಣುವಂತೆ ಬರಿದು ಮಾಡಿದ್ದು ಒಂದೇ ಒಂದು ಸಲ. ರಾಜ್ಯಗಳು ಬಿದ್ದದ್ದನ್ನೂ ಸೇತುವೆಗಳು ಕುಸಿದದ್ದನ್ನೂ ತಪ್ಪದೆ ಬರೆದಿಡುವ ಮಂದಿ ಇದನ್ನು ಬರೆದಿಡಲಿಲ್ಲವಾದ್ದರಿಂದ ಇಲ್ಲಿ ಬರೆಯಬೇಕಾಗಿ ಬಂದಿದೆ. ಅದು ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಒಂದು ಕಾಲದಲ್ಲಿ ಒಬ್ಬ ಹೆಂಗಸಿನ ಚಿತ್ರವಿತ್ತು. ಈಗ ಅವಳ ಮೂಗೂ ಒಂದು ಕಿವಿಯೋಲೆಯೂ ಮಾತ್ರ ಉಳಿದಿದ್ದವು. ಒಳಗೆ ನಡುವೆ ರಟ್ಟು ನಿಲ್ಲಿಸಿ ಎರಡು ಭಾಗ ಮಾಡಿತ್ತು, ಒಂದರಲ್ಲಿ ಅಂಗಿಯ ಗುಂಡಿ, ಇನ್ನೊಂದರಲ್ಲಿ ಕೋಟಿನ ಗುಂಡಿ. ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಶಟರನ್ನು ಅರ್ಧ ಇಳಿಸಿ, ಅಣ್ಣತಮ್ಮಂದಿರಿಬ್ಬರು ಆ ಗುಂಡಿಗಳನ್ನೆಲ್ಲ ಹಳೇ ಪತ್ರಿಕೆಯ ಮೇಲೆ ಸುರಿದರು. ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಅದರೊಳಗೆ ಮಾತ್ರೆಗಳನ್ನು ಸುರಿದರು.

ಅಣ್ಣನನ್ನು ಬೀದಿಯವರು ಕತ್ತರಿ ಮಾಸ್ಟರು ಅನ್ನುತ್ತಿದ್ದರು, ತಮ್ಮನನ್ನು ಸೂಜಿ ಮಾಸ್ಟರು. ಅಣ್ಣ ಬಟ್ಟೆ ಕತ್ತರಿಸುವವರು, ತಮ್ಮ ಹೊಲಿಯುವವರು. ಈ ಹಂಚಿಕೆ ಅಂಗಡಿಯಲ್ಲಿ ಹುಟ್ಟಿದ್ದಲ್ಲ, ಅವರಮ್ಮನ ಅಡುಗೆಮನೆಯಲ್ಲಿ ಹುಟ್ಟಿದ್ದು. ಎರಡೇ ವರ್ಷ ಅಂತರದ ಇಬ್ಬರು ಗಂಡುಮಕ್ಕಳು ಬ್ರೆಡ್ಡಿನ ಚೂರಿಗೂ ಜುಟ್ಟು ಹಿಡಿದುಕೊಳ್ಳುವುದನ್ನು ನೋಡಿ ನೋಡಿ ರೋಸಿಹೋದ ಆಕೆ ಒಂದು ಕಾನೂನು ಮಾಡಿದರು: ದೊಡ್ಡವನು ಎರಡು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ತನಗೆಲ್ಲಿ ಸಣ್ಣದು ಉಳಿಯುತ್ತದೋ ಎಂಬ ಭಯದಲ್ಲಿ ದೊಡ್ಡವನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಕತ್ತರಿಸುವುದನ್ನು ಕಲಿತ. ಚಿಕ್ಕವನು ಎರಡು ಸಮನಾದ ತುಂಡುಗಳ ನಡುವೆ ವ್ಯತ್ಯಾಸ ಹುಡುಕುವುದನ್ನು ಕಲಿತ. ಮೊದಲನೆಯದು ಕಸುಬಾಯಿತು, ಎರಡನೆಯದು ಸ್ವಭಾವವಾಯಿತು.

ಹೃದಯದ ವಿಷಯದಲ್ಲೂ ಹಂಚಿಕೆ ಸಮವಾಗಿಯೇ ಆಯಿತು. ಹೋದ ವರ್ಷ ಸೂಜಿ ಮಾಸ್ಟರಿಗೆ ಎದೆಯೊಳಗೆ ಮೀನು ಹೊರಳಿದ ಹಾಗಾಗತೊಡಗಿ, ಹೆಂಡತಿಯ ಬಲವಂತಕ್ಕೆ ಎರಡು ಬೀದಿ ಆಚೆಯ ದೊಡ್ಡಾಸ್ಪತ್ರೆಗೆ ಹೋದರು. ಧೈರ್ಯಕ್ಕಿರಲಿ ಎಂದು ಜೊತೆಗೆ ಅಣ್ಣ. ತಮ್ಮನ ಎದೆಗೆ ವೈರು ಅಂಟಿಸಿ ಕಾಗದದ ಮೇಲೆ ಗೆರೆ ತೆಗೆದ ಸಿಸ್ಟರ್, ಸರದಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿ, "ಬನ್ನಿ, ಬಂದಿದ್ದಕ್ಕೆ ನಿಮ್ಮದೂ ಒಂದು ನೋಡಿಬಿಡೋಣ" ಎಂದು ಅಣ್ಣನನ್ನೂ ಮಲಗಿಸಿದರು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಎರಡರಲ್ಲೂ ಗೆರೆ ಕುಡಿದವನು ಹಾಕಿದ ಹೊಲಿಗೆಯಂತೆ ಒಂದು ಹತ್ತಿರ, ಒಂದು ದೂರ.

"ಹೃದಯದ ಮೇಲಿನ ಕೋಣೆಗಳು ಬಡಿಯೋ ಬದಲು ನಡುಗ್ತಿವೆ" ಎಂದರು ಡಾಕ್ಟರು. "ನಡುಗೋ ಕಡೆ ರಕ್ತ ಮಡುಗಟ್ಟುತ್ತೆ. ಹಾಗೆ ನಿಂತ ರಕ್ತ ಹೆಪ್ಪಾಗುತ್ತೆ. ಆ ಹೆಪ್ಪು ಅಲ್ಲಿಂದ ಹೊರಟು ಮೆದುಳಿಗೆ ಹೋದ್ರೆ..."

"ಲಕ್ವ" ಎಂದು ಸೂಜಿ ಮಾಸ್ಟರು ವಾಕ್ಯ ಮುಗಿಸಿಕೊಟ್ಟರು.

ಅವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಪ್ಪನೂ ದರ್ಜಿಯೇ. ಐವತ್ತೊಂಬತ್ತನೇ ವಯಸ್ಸಿನಲ್ಲಿ, ಕೋಟಿನ ತೋಳು ಕತ್ತರಿಸುತ್ತಿದ್ದಾಗ, ಬಲಗೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಹನ್ನೊಂದು ವರ್ಷ ಆ ಕೈ ಮಡಿಲಲ್ಲಿ ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ ಬಿದ್ದುಕೊಂಡಿತ್ತು. ಆ ಕೈಗೆ ಅಂಗಿಯ ತೋಳು ಹಾಕಿಸುತ್ತಿದ್ದದ್ದು ಚಿಕ್ಕ ಮಗ.

ಹಾಗಾಗಿ ಹೊಸ ಔಷಧಿಯೊಂದರ ಪರೀಕ್ಷೆಗೆ ಸೇರುತ್ತೀರಾ ಎಂದು ಸಿಸ್ಟರ್ ಕೇಳಿದಾಗ ಸೂಜಿ ಮಾಸ್ಟರು ಹದಿನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಗಿರಾಕಿಯ ಅಳತೆಯಂತೆ ಬೆರಳಿಟ್ಟು ಓದಿದರು. ಸಿಸ್ಟರ್ ಬಿಡಿಸಿ ಹೇಳಿದರು. ರಕ್ತ ತೆಳುವಾಗಿಸುವ ಹಳೇ ಔಷಧಿ ಒಂದಿದೆ, ಒಳ್ಳೆಯದೇ, ಆದರೆ ಕೆಲವರಿಗೆ ಅದರಿಂದ ರಕ್ತಸ್ರಾವವಾಗುತ್ತದೆ. ಹೊಸದು ಅಷ್ಟೇ ಕಾಪಾಡುತ್ತದೆಯೇ, ರಕ್ತ ಕಡಿಮೆ ಸುರಿಸುತ್ತದೆಯೇ ಅನ್ನುವುದು ಪ್ರಶ್ನೆ. ಪ್ರತಿಯೊಬ್ಬರಿಗೂ ಎರಡು ಬಾಟಲಿ. ಬಿಳಿ ಮಾತ್ರೆ ಒಂದು, ಹಳದಿ ಮಾತ್ರೆ ಒಂದು, ದಿನಾ ಬೆಳಿಗ್ಗೆ.

"ಬಿಳಿದು ಹೊಸದು, ಹಳದಿದು ಹಳೇದು. ಆದ್ರೆ ಒಬ್ಬರ ಪಾಲಿಗೆ ಎರಡರಲ್ಲಿ ಒಂದೇ ನಿಜ. ಇನ್ನೊಂದು ಬರೀ ಹಿಟ್ಟು."

"ನನ್ನದ್ರಲ್ಲಿ ಯಾವುದು ಹಿಟ್ಟು?"

"ನಂಗೊತ್ತಿಲ್ಲ ಮಾಸ್ಟ್ರೇ."

"ಡಾಕ್ಟ್ರಿಗೆ?"

"ಅವರಿಗೂ ಗೊತ್ತಿಲ್ಲ. ಗೊತ್ತಾಗಬಾರದು ಅಂತಾನೇ ಹೀಗೆ ಮಾಡಿರೋದು. ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತಿದೆ."

"ಸದ್ಯ, ಯಾರಾದ್ರೂ ಒಬ್ಬರಿಗೆ ಗೊತ್ತಲ್ಲ" ಎಂದು ಕತ್ತರಿ ಮಾಸ್ಟರು ನಿರಾಳವಾಗಿ ಸಹಿ ಹಾಕಿದರು. ಸೂಜಿ ಮಾಸ್ಟರೂ ಸಹಿ ಹಾಕಿದರು, ಆದರೆ ಅವರ ನೆಮ್ಮದಿ ಆ ಸಹಿಯ ಶಾಯಿ ಆರುವುದರೊಳಗೇ ಆರಿಹೋಯಿತು.

ಮೊದಲ ಮೂರು ತಿಂಗಳು ಅವರು ಹೊಲಿಯುವುದಕ್ಕಿಂತ ಹೆಚ್ಚಾಗಿ ನಾಡಿ ನೋಡಿಕೊಂಡರು. ಕೂತಲ್ಲಿ ಕೂರಲಿಲ್ಲ. ಮೆಷಿನ್ನಿನ ಮುಂದೆ ಇಲ್ಲದಾಗಲೂ, ಊಟಕ್ಕೆ ಕೂತಾಗಲೂ, ಅವರ ಬಲಗಾಲು ಮೇಜಿನ ಕೆಳಗೆ ಪೆಡಲ್ ಒತ್ತುತ್ತಲೇ ಇತ್ತು. "ರೀ, ಊಟಾನ ಹೊಲೀಬೇಡಿ, ತಿನ್ನಿ" ಎಂದಳು ಹೆಂಡತಿ.

ಅವರ ತರ್ಕ ಹೀಗಿತ್ತು. ಇಬ್ಬರಿಗೂ ಔಷಧಿ ಇದೆ, ಸರಿ. ಆದರೆ ಒಬ್ಬರಿಗೆ ಹೊಸದು, ಒಬ್ಬರಿಗೆ ಹಳೇದು ಬಂದಿದ್ದರೆ ಅದು ಸಮಪಾಲಲ್ಲ. ಎರಡರಲ್ಲಿ ಯಾವುದು ಮೇಲು ಎಂದು ದೊಡ್ಡ ದೊಡ್ಡವರಿಗೇ ಗೊತ್ತಿಲ್ಲದೆ ಪರೀಕ್ಷೆ ಮಾಡುತ್ತಿದ್ದಾರೆ. ಅಂದಮೇಲೆ ಒಂದು ಮೇಲು, ಒಂದು ಕೀಳು ಇದ್ದೇ ಇದೆ. ಕೀಳು ಯಾರ ಪಾಲಿನದು? ಅಣ್ಣನ ಬಲಗೈ ಹೋದರೆ ಅಂಗಡಿ ಹೋಯಿತು. ತನ್ನ ಕೈ ಹೋದರೂ ಹೋಯಿತು. ಆ ಹನ್ನೊಂದು ವರ್ಷ ಮತ್ತೆ ಬೇಡ, ಅಣ್ಣನಿಗೂ ಬೇಡ, ತನಗೂ ಬೇಡ.

ದರ್ಜಿಯ ಕೈಯಲ್ಲಿ ಸೂಜಿ ಇರುತ್ತದೆ. ಒಂದು ದಿನ ಅವರು ತಮ್ಮ ಎಡ ತೋರುಬೆರಳಿಗೆ ಏಳನೇ ನಂಬರಿನ ಸೂಜಿ ಚುಚ್ಚಿ ಗೋಡೆಯ ಗಡಿಯಾರ ನೋಡಿದರು. ಎರಡು ನಿಮಿಷಕ್ಕೆ ರಕ್ತ ನಿಂತಿತು. ಆಮೇಲೆ, "ಅಣ್ಣಾ, ಒಂಚೂರು ಕೈ ಕೊಡು" ಎಂದು, ಅವರು ಯಾಕೆಂದು ಕೇಳುವುದರೊಳಗೆ ಅವರ ಬೆರಳಿಗೂ ಅದೇ ಸೂಜಿ ಇಳಿಸಿದರು.

"ಅಯ್ಯೋ! ತಲೆ ಕೆಟ್ಟಿದೆಯೇನೋ ನಿಂಗೆ?"

"ಸುಮ್ನಿರು, ಟೈಮ್ ನೋಡ್ತಿದೀನಿ."

ಆರೂವರೆ ನಿಮಿಷ. ಅಷ್ಟು ಹೊತ್ತು ಅಣ್ಣ ಬೆರಳನ್ನು ಗಿರಾಕಿಯ ಬಿಳಿ ಬಟ್ಟೆಯಿಂದ ದೂರ ಹಿಡಿದುಕೊಂಡು ತಮ್ಮನಿಗೆ ಬೈಯುತ್ತಲೇ ಇದ್ದರು. ಮಾರನೇ ದಿನ, ಅದರ ಮಾರನೇ ದಿನ, ವಾರವಿಡೀ ಇದೇ ಪರೀಕ್ಷೆ ನಡೆಯಿತು. ತಮ್ಮನಿಗೆ ಎರಡು, ಅಣ್ಣನಿಗೆ ಆರು, ಏಳು. ಸೂಜಿ ಮಾಸ್ಟರಿಗೆ ಇನ್ನು ಅನುಮಾನ ಉಳಿಯಲಿಲ್ಲ. ಒಂದು ಔಷಧಿ ಗಟ್ಟಿ, ಒಂದು ಸಪ್ಪೆ. ಗಟ್ಟಿಯದು ಅಣ್ಣನಿಗೆ ಹೋಗಿದೆ.

"ಗಟ್ಟಿ ಇದ್ರೆ ನಿನ್ನ ಮೈಯಲ್ಲಿ ರಕ್ತಾನೇ ಉಳಿಯಲ್ಲ. ಸಪ್ಪೆ ಇದ್ರೆ ನನ್ನ ಕೈ ಉಳಿಯಲ್ಲ. ಏನು ಮಾಡೋಣ ಹೇಳು."

ಹತ್ತು ದಿನ ಬೆಳಿಗ್ಗೆ ಸಂಜೆ ಇದೇ ರಾಗ. ಕತ್ತರಿ ಮಾಸ್ಟರು ಶಾಂತ ಮನುಷ್ಯ, ಆದರೆ ಅವರೂ ಮನುಷ್ಯರೇ. ಮುಂದಿನ ಮೂರು ತಿಂಗಳ ಬಾಟಲಿಗಳು ಕೈಗೆ ಬಂದ ಮಂಗಳವಾರ ಬೆಳಿಗ್ಗೆ ಅವರು ಕತ್ತರಿ ಕೆಳಗಿಟ್ಟರು.

"ಆಯ್ತಪ್ಪ. ಅಮ್ಮ ಮಾಡಿದ ಹಾಗೇ ಮಾಡೋಣ. ತಗೋ ಆ ಡಬ್ಬಿ."

ಹೀಗೆ ಗುಂಡಿ ಡಬ್ಬಿ ಖಾಲಿಯಾಯಿತು. ಇಬ್ಬರ ಬಿಳಿ ಮಾತ್ರೆಗಳೂ ಅಂಗಿ ಗುಂಡಿಯ ಭಾಗಕ್ಕೆ, ಇಬ್ಬರ ಹಳದಿ ಮಾತ್ರೆಗಳೂ ಕೋಟಿನ ಗುಂಡಿಯ ಭಾಗಕ್ಕೆ ಬಿದ್ದವು. ಅಣ್ಣ ಕೈಯಾಡಿಸಿ ಚೆನ್ನಾಗಿ ಬೆರೆಸಿದರು, ಎಣಿಸಿ, ಬಿಳಿಯೂ ಹಳದಿಯೂ ಸಮ ಬರುವಂತೆ ಎರಡು ಗುಡ್ಡೆ ಮಾಡಿದರು. ಒಂದೇ ಅಚ್ಚಿನ, ಅವೇ ಎರಡು ಬಣ್ಣಗಳ, ಒಂದೇ ಎಣಿಕೆಯ ಆ ಎರಡು ಗುಡ್ಡೆಗಳ ನಡುವೆ ಆರಿಸಲು ತಮ್ಮನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಮೊದಲು ಎಡಗಡೆಯದು ಎಂದರು. ಆಮೇಲೆ ಬಲಗಡೆಯದು. ಕೊನೆಗೆ ಮತ್ತೆ ಎಡಗಡೆಯದು. "ಅದೃಷ್ಟವಂತ ಕಣೋ ನೀನು" ಎಂದು ಅಣ್ಣ ಉಳಿದದ್ದನ್ನು ತಾವು ತುಂಬಿಕೊಂಡರು. ಅವರವರ ಬಾಟಲಿಗೆ ಅವರವರ ಎಣಿಕೆ ಸರಿಯಾಗಿ ಹೋಯಿತು.

ಆ ದಿನ ಸೂಜಿ ಮಾಸ್ಟರು ಮೂರು ಅಂಗಿ ಹೊಲಿದರು. ನಾಲ್ಕು ವಾರ ಕಾಲು ಅಲ್ಲಾಡಿಸಲಿಲ್ಲ. ಆಸ್ಪತ್ರೆಯಲ್ಲಿ ತಿಂಗಳ ತಪಾಸಣೆಗೆ ಹೋದಾಗ ಸಿಸ್ಟರ್ ಬಾಟಲಿಗಳನ್ನು ತಟ್ಟೆಗೆ ಸುರಿದು, ಪ್ಲಾಸ್ಟಿಕ್ ಪಟ್ಟಿಯಿಂದ ಐದೈದರಂತೆ ಸರಿಸಿ ಎಣಿಸಿ, ಕಣ್ಣರಳಿಸಿದರು.

"ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಕೆಲವರು ವಾರಗಟ್ಟಲೆ ಮರೀತಾರೆ, ಕೆಲವರು ಬರೋ ದಿನ ಬೆಳಿಗ್ಗೆ ಕಸದಬುಟ್ಟಿಗೆ ಸುರಿದು ಬರ್ತಾರೆ. ಎಲ್ಲರಿಗೂ ನಿಮ್ಮಿಬ್ಬರನ್ನೇ ತೋರಿಸ್ತೀನಿ ಮಾಸ್ಟ್ರೇ, ಹೀಗಿರಬೇಕು ಅಂತ."

ಅಣ್ಣ ಎದೆಯುಬ್ಬಿಸಿದರು. ತಮ್ಮ ಕೆಮ್ಮಿದರು.

ನೆಮ್ಮದಿಗೆ ಕೊನೆ ತಂದದ್ದು ಒಂದು ಗುಂಡಿ. ತಪಾಸಣೆಯಾದ ಎರಡನೇ ದಿನ, ಗುರುವಾರ ಬೆಳಿಗ್ಗೆ, ಹೆಂಡತಿ ಗಂಡನ ಬಿಳಿ ಬಾಟಲಿಯಿಂದ ಮಾತ್ರೆ ತೆಗೆಯಲು ಕೈಮೇಲೆ ಬಗ್ಗಿಸಿದಾಗ, ಮಾತ್ರೆಯ ಜೊತೆಗೆ ನಾಲ್ಕು ತೂತಿನ ಸಣ್ಣ ಅಂಗಿ ಗುಂಡಿಯೊಂದು ಉರುಳಿ ಬಂತು. ಸಿಸ್ಟರಿನ ಎಣಿಕೆಯಲ್ಲಿ ಅದು ಬಾಟಲಿಯ ತಳದ ಹತ್ತಿಯೊಳಗೆ ಸಿಕ್ಕಿಕೊಂಡು ತಪ್ಪಿಸಿಕೊಂಡಿರಬೇಕು.

"ಇವತ್ತೇನು ನುಂಗ್ತೀರಿ? ಮಾತ್ರೆನೋ, ಗುಂಡಿನೋ?"

ಸೂಜಿ ಮಾಸ್ಟರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಂದರೂ ಕಾಲು ಹೇಳಿಬಿಡುತ್ತಿತ್ತು. ಎಲ್ಲ ಹೊರಬಂತು. ಹೆಂಡತಿ ಕೇಳಿಸಿಕೊಂಡಳು. ಅವಳು ಅದೇ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಗುಂಡಿ ತೂರಿಸುವ ಕಾಜ ಹೊಲಿದವಳು. ಗುಂಡಿ ಎಷ್ಟು, ಕಾಜ ಎಷ್ಟು, ಯಾವುದಕ್ಕೆ ಯಾವುದು ಅನ್ನುವುದು ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು.

"ಒಂದು ಮಾತು ಹೇಳಿ. ಭಾವನಿಗೆ ಬಿಳಿ ನಿಜ, ಹಳದಿ ಹಿಟ್ಟು ಅಂತ ಇಟ್ಕೊಳ್ಳಿ. ನಿಮಗೆ ಬಿಳಿ ಹಿಟ್ಟು, ಹಳದಿ ನಿಜ."

"ಹೂಂ."

"ಎಲ್ಲಾ ಕಲಸಿದ್ರಿ. ಈಗ ಒಂದು ದಿನ ಒಬ್ಬರ ಕೈಗೆ ಬಿಳೀದೂ ನಿಜ, ಹಳದೀದೂ ನಿಜ ಬರಲ್ವಾ?"

ಸೂಜಿ ಮಾಸ್ಟರ ಬಲಗಾಲು ಪೆಡಲ್ ಒತ್ತತೊಡಗಿತು.

"ಇನ್ನೊಂದು ದಿನ ಎರಡೂ ಹಿಟ್ಟೇ ಬರಲ್ವಾ? ಒಂದೇ ಸಮ ನಾಲ್ಕು ದಿನ ಹಾಗೇ ಬಂದ್ರೆ?"

"ಸಾಕು ಮಾಡೇ."

"ನಾನ್ಯಾಕೆ ಸಾಕು ಮಾಡ್ಲಿ, ಕಲಸಿದ್ದು ನೀವು. ಒಬ್ಬರಿಗೊಂದು ಅಂತ ಇದ್ದಿದ್ದನ್ನ ಒಬ್ಬರಿಗೆ ಎರಡು, ಒಬ್ಬರಿಗೆ ಸೊನ್ನೆ ಮಾಡಿಟ್ಟಿದೀರಿ. ಸಮಪಾಲಂತೆ!"

ಅಂದಿನಿಂದ ಸೂಜಿ ಮಾಸ್ಟರು ಕೂತ ಕುರ್ಚಿ ಅಲ್ಲಾಡದೆ ನಿಲ್ಲಲಿಲ್ಲ. ಮಾತ್ರೆ ನಿಲ್ಲಿಸಿದರೆ ಲಕ್ವದ ಭಯ, ನುಂಗಿದರೆ ರಕ್ತದ ಭಯ. ಪ್ರತಿದಿನ ಬೆಳಿಗ್ಗೆ ಅಂಗೈಯಲ್ಲಿ ಎರಡು ಮಾತ್ರೆ ಇಟ್ಟುಕೊಂಡು, ಇವು ಎರಡೂ ನಿಜವೋ, ಎರಡೂ ಸುಳ್ಳೋ ಎಂದು ಅವುಗಳ ಮುಖ ನೋಡುತ್ತಾ ನಿಲ್ಲುವರು. ಕೊನೆಗೆ ನೀರಿನ ಜೊತೆ ನುಂಗಿಬಿಡುವರು. ತಮ್ಮದಿರಲಿ, ಅಣ್ಣನದು ಅವರನ್ನು ಹೆಚ್ಚು ಕಾಡಿತು. ಬೇಡ ಬೇಡ ಎಂದವರನ್ನು ಹತ್ತು ದಿನ ಪೀಡಿಸಿ ಡಬ್ಬಿ ತೆಗೆಸಿದ್ದು ತಾನು. ಗುಡ್ಡೆ ಆರಿಸಿದ್ದೂ ತಾನು. ಅಣ್ಣನಿಗೆ ಏನಾದರೂ ಆದರೆ ಅದು ತಾನು ಬೇಡವೆಂದು ಬಿಟ್ಟ ಬಲಗಡೆ ಗುಡ್ಡೆಯಿಂದ ಆಗಿರುತ್ತದೆ.

ಶುಕ್ರವಾರ ಸಿಸ್ಟರಿಗೆ ಹೇಳಿಬಿಡುತ್ತೇನೆಂದು ಆಸ್ಪತ್ರೆಯ ಗೇಟಿನವರೆಗೆ ಹೋದರು. ಒಳಗೆ ಕಾಯುವ ಬೆಂಚಿನ ಹತ್ತಿರ ಸಿಸ್ಟರ್ ಯಾರೋ ಮುದುಕರಿಗೆ, "ಇಬ್ಬರು ಮಾಸ್ಟ್ರುಗಳಿದಾರೆ, ಅವರನ್ನ ನೋಡಿ ಕಲೀರಿ" ಅನ್ನುತ್ತಿದ್ದದ್ದು ಕಿವಿಗೆ ಬಿತ್ತು. ವಾಪಸ್ಸು ಬಂದರು. ಶನಿವಾರ ಅಣ್ಣನ ಹತ್ತಿರ ಮಾತೆತ್ತಿದರು.

"ಹೇಳಿದ್ರೆ ಇಬ್ಬರನ್ನೂ ತೆಗೆದುಹಾಕ್ತಾರೆ ಅಷ್ಟೇ" ಎಂದರು ಕತ್ತರಿ ಮಾಸ್ಟರು, ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯಿಂದ ಕಣ್ಣೆತ್ತದೆ.

"ತೆಗೀಲಿ ಬಿಡು."

"ನಿಂಗೇನೋ, ಮನೇಲಿ ಹೆಂಡ್ತಿ ಇದಾಳೆ. ಆ ಸಿಸ್ಟರ್ ಹುಡುಗಿ ಪ್ರತಿ ತಿಂಗಳು ನಲವತ್ತೆರಡು ಪ್ರಶ್ನೆ ಕೇಳ್ತಾಳೆ ಕಣೋ. ನಿದ್ದೆ ಬಂತಾ, ಹಸಿವಾಯ್ತಾ, ಮೆಟ್ಟಿಲು ಹತ್ತಿದ್ರೆ ಏದುಸಿರು ಬಂತಾ. ನಿಮ್ಮತ್ತಿಗೆ ಹೋಗಿ ಎಂಟು ವರ್ಷ ಆಯ್ತು. ನಂಗೆ ಹಸಿವಾಯ್ತಾ ಅಂತ ಯಾರು ಕೇಳಿದಾರೆ ಹೇಳು."

ತಮ್ಮ ಮೆಷಿನ್ನಿಗೆ ವಾಪಸ್ಸಾದರು. ಭಾನುವಾರ ಇಡೀ ದಿನ ಕೋಣೆಯಿಂದ ಕೋಣೆಗೆ ನಡೆದರು. "ನೆಲ ಸವೆಯುತ್ತೆ" ಎಂದಳು ಹೆಂಡತಿ. "ನಾಳೆ ನೀವು ಹೇಳದಿದ್ರೆ ನಾನೇ ಹೋಗಿ ಹೇಳ್ತೀನಿ."

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ, ಕೋಟಿನ ಒಳಬಟ್ಟೆಗೆ, ಬಿಳಿ ಅಸ್ತರಿಗೆ, ಗುರುತು ಹಾಕುತ್ತಿದ್ದ ಕತ್ತರಿ ಮಾಸ್ಟರ ಮೂಗಿನಿಂದ ಒಂದು ಹನಿ ರಕ್ತ ಅಸ್ತರಿನ ಮೇಲೆ ಬಿತ್ತು. ಕಸುಬಿನವರಾದ್ದರಿಂದ ಅವರು ಮೊದಲು ಬಟ್ಟೆಯನ್ನು ಸರಿಸಿದರು, ಆಮೇಲೆ ಮೂಗು ಹಿಡಿದರು. ಹತ್ತು ನಿಮಿಷ ಹಿಡಿದರು. ಇಪ್ಪತ್ತು ನಿಮಿಷ. ಒಂದು ಕರವಸ್ತ್ರ ಮುಗಿದು, ಎರಡನೆಯದು ಮುಗಿದು, ಕತ್ತರಿಸಿ ಉಳಿದ ಬಟ್ಟೆ ಚೂರುಗಳ ಮೂಟೆಗೆ ಕೈಹಾಕಿದರು.

"ಏನೂ ಇಲ್ಲ ಕಣೋ, ನಿಲ್ಲುತ್ತೆ" ಎಂದರು ಬಾಯಿಂದ ರಕ್ತ ಉಗುಳುತ್ತ. "ನಿನ್ನ ಗಡಿಯಾರ ನೋಡ್ಕೋ. ಈ ಸಲ ಆರು ನಿಮಿಷ ಅಲ್ಲ ಅನ್ಸುತ್ತೆ."

ಸೂಜಿ ಮಾಸ್ಟರು ಗಡಿಯಾರ ನೋಡಲಿಲ್ಲ. ಅಣ್ಣನ ತೋಳಿಗೆ ತೋಳು ಕೊಟ್ಟು ಎರಡು ಬೀದಿ ನಡೆಸಿದರು. ಒಂದು ಕೈಯಲ್ಲಿ ಅಣ್ಣ, ಇನ್ನೊಂದು ಕೈಯಲ್ಲಿ ಚೂರುಬಟ್ಟೆಯ ಕಂತೆ. ಅಣ್ಣನ ಕೋಟನ್ನು ಹಿಡಿದು ಹೆಂಡತಿ ಹಿಂದೆಯೇ ಓಡಿಬಂದಳು.

ಆಸ್ಪತ್ರೆಯಲ್ಲಿ ಮೂಗಿಗೆ ಬ್ಯಾಂಡೇಜ್ ಬಟ್ಟೆ ತುರುಕಿದರು. ಅದೂ ಕೆಂಪಾಯಿತು. ರಕ್ತದೊತ್ತಡ ನೋಡಿದರು, ಇಳಿದಿತ್ತು. ಕತ್ತರಿ ಮಾಸ್ಟರ ಮುಖ ಅವರು ಕತ್ತರಿಸುವ ಅಸ್ತರಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಮಾತು ಚಿಕ್ಕದು ಮಾಡಿದರು.

"ಯಾವ ಔಷಧಿ ಒಳಗಿದೆ ಅಂತ ಗೊತ್ತಾಗ್ಬೇಕು. ಹಳೇದಾದ್ರೆ ಅದನ್ನ ಮುರಿಯೋ ಇಂಜೆಕ್ಷನ್ ಬೇರೆ, ಹೊಸದಾದ್ರೆ ಬೇರೆ. ತಪ್ಪು ಕೊಟ್ರೆ ಕಷ್ಟ. ಸಿಸ್ಟರ್, ಇವರ ಕೋಡ್ ತೆರೆಸಿ. ನಾನು ಸಹಿ ಹಾಕ್ತೀನಿ."

ಸಿಸ್ಟರ್ ಕಂಪ್ಯೂಟರಿನ ಮುಂದೆ ಕೂತು ಅಣ್ಣನ ನಂಬರು ಒತ್ತತೊಡಗಿದರು. ಸೂಜಿ ಮಾಸ್ಟರಿಗೆ ಆಗ ಒಂದು ವಿಷಯ ಬಿಸಿ ಇಸ್ತ್ರಿ ತಾಗಿದ ಹಾಗೆ ತಾಗಿತು. ಆ ಕಂಪ್ಯೂಟರು ಬಾಟಲಿಯ ಮೇಲಿನ ನಂಬರು ನೋಡಿ ಹೇಳುತ್ತದೆ. ಬಾಟಲಿಯ ಒಳಗಿರುವುದು ಗುಂಡಿ ಡಬ್ಬಿಯ ಮಾತ್ರೆ. ಅದು ಹೇಳುವುದನ್ನು ಇವರು ನಂಬುತ್ತಾರೆ, ನಂಬಿ ಇಂಜೆಕ್ಷನ್ ಚುಚ್ಚುತ್ತಾರೆ.

"ನಿಲ್ಲಿ" ಎಂದರು. ಧ್ವನಿ ಹೊರಡಲಿಲ್ಲ. ಎರಡನೇ ಸಲ ಹೊರಟಿತು. "ಸಿಸ್ಟರ್, ನಿಲ್ಲಿ. ಅದು ಹೇಳೋದು ಸರಿ ಇರಲ್ಲ."

"ಯಾಕೆ?"

"ನಾವು ಕಲಸಿದೀವಿ."

"ಏನು ಕಲಸಿದೀರಿ?"

"ಮಾತ್ರೇನ. ಇಬ್ಬರದ್ದೂ. ಗುಂಡಿ ಡಬ್ಬೀಲಿ ಹಾಕಿ, ಅಣ್ಣ ಎರಡು ಪಾಲು ಮಾಡಿದ, ನಾನು ಆರಿಸ್ಕೊಂಡೆ. ಅಣ್ಣಂದೇನೂ ತಪ್ಪಿಲ್ಲ, ನಾನೇ ಹಟ ಮಾಡಿದ್ದು."

ಸಿಸ್ಟರಿನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು. "ಎಣಿಕೆ ಸರಿ ಇತ್ತಲ್ಲ ಮಾಸ್ಟ್ರೇ!"

"ಎಣಿಕೆ ಸರಿ ಬರೋ ಹಾಗೇ ಹಂಚಿದ್ವಿ."

ಸಿಸ್ಟರ್ ಅವರನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸೂಜಿ ಮಾಸ್ಟರಿಗೆ ಎಷ್ಟೋ ವಾಸಿಯಾಗುತ್ತಿತ್ತು. ಮೂಗು ತುಂಬ ಬಟ್ಟೆ ತುಂಬಿಕೊಂಡ ಕತ್ತರಿ ಮಾಸ್ಟರು ಮಂಚದಿಂದ ಬಾಯಲ್ಲೇ ಉಸಿರಾಡುತ್ತ, "ಹೇಳಿದ್ನಲ್ಲ, ಈಗ ತೆಗೆದುಹಾಕ್ತಾರೆ" ಎಂದರು.

"ಇಬ್ಬರ ಕೋಡೂ ತೆರೆಸಿ" ಎಂದರು ಡಾಕ್ಟರು. "ಬೇಗ."

ಅದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಈ ಸಲ ಸೂಜಿ ಮಾಸ್ಟರು ಗಡಿಯಾರ ನೋಡಿದರು, ಬೇರೇನನ್ನೂ ನೋಡಲು ಧೈರ್ಯವಿರಲಿಲ್ಲ. ಅವರ ಕಾಲು ಆಸ್ಪತ್ರೆಯ ನೆಲದ ಮೇಲೆ ಒಂದು ಇಡೀ ಕೋಟು ಹೊಲಿದು ಮುಗಿಸಿರಬೇಕು. ಸಿಸ್ಟರ್ ಒಂದು ನಂಬರು ಒತ್ತಿ, ಗುಪ್ತಪದ ಒತ್ತಿ, ಕಾರಣ ಬರೆದು, ಡಾಕ್ಟರ ಸಹಿ ಕಳಿಸಿ ಕಾದರು. ಎರಡನೇ ನಂಬರಿಗೂ ಅದನ್ನೇ ಮಾಡಿದರು. ಪರದೆಯ ಮೇಲೆ ಒಂದು ಸಾಲು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು. ಸಿಸ್ಟರ್ ಎರಡನ್ನೂ ಓದಿ, ಮತ್ತೊಮ್ಮೆ ಓದಿ, ಪರದೆಯನ್ನು ಡಾಕ್ಟರ ಕಡೆ ತಿರುಗಿಸಿದರು.

"ಇಬ್ಬರಿಗೂ ಬಿಳಿದೇ ನಿಜ" ಎಂದರು. "ಹಳದಿ ಇಬ್ಬರದ್ದೂ ಹಿಟ್ಟು."

"ಅಂದ್ರೆ?" ಎಂದರು ಸೂಜಿ ಮಾಸ್ಟರು.

"ಅಂದ್ರೆ ನೀವು ಕಲಸೋಕೆ ಮುಂಚೆ ಏನಿತ್ತೋ ಕಲಸಿದ ಮೇಲೂ ಅದೇ ಇತ್ತು. ಹಿಟ್ಟಿಗೆ ಹಿಟ್ಟು ಬೆರೆಸಿದೀರಿ, ಔಷಧಿಗೆ ಅದೇ ಔಷಧಿ ಬೆರೆಸಿದೀರಿ."

ಹೆಂಡತಿ ಬೆಂಚಿನ ಮೇಲೆ ಕೂತುಬಿಟ್ಟಳು. "ಇಪ್ಪತ್ತು ನಿಮಿಷ ಆರಿಸಿದ್ರಂತೆ" ಎಂದಳು ಯಾರಿಗೂ ಅಲ್ಲದಂತೆ.

"ಹಾಗಾದ್ರೆ ಅಣ್ಣನ ರಕ್ತ ಯಾಕೆ ನಿಲ್ತಿಲ್ಲ?" ಎಂದರು ಸೂಜಿ ಮಾಸ್ಟರು. "ನಂದು ಎರಡು ನಿಮಿಷಕ್ಕೆ ನಿಲ್ಲುತ್ತೆ. ನಾನು ದಿನಾ ಚುಚ್ಚಿ ನೋಡಿದೀನಿ."

ಸಿಸ್ಟರ್ ಅವರ ಎಡಗೈ ಹಿಡಿದು ಬೆರಳ ತುದಿಯನ್ನು ಉಗುರಿನಿಂದ ಒತ್ತಿದರು. ಐವತ್ತು ವರ್ಷ ಬಟ್ಟೆಯ ಅಡಿಯಿಂದ ಸೂಜಿಯ ಮೊನೆ ತಡೆದ ಬೆರಳು ಅದು. "ಇದು ಬೆರಳಾ, ಚಪ್ಪಲಿ ಅಟ್ಟೆನಾ? ಇದಕ್ಕೆ ಚುಚ್ಚಿದ್ರೆ ಸೂಜಿ ಆಳಕ್ಕೇ ಹೋಗಿರಲ್ಲ. ನಿಮ್ಮಣ್ಣ ಕತ್ತರಿ ಹಿಡಿಯೋರು, ಅವರ ಎಡಗೈ ಬೆರಳು ಹತ್ತಿ ಥರ." ಆಮೇಲೆ ಅವರು ಮಂಚದ ಕಡೆ ತಿರುಗಿದರು. "ಮಾಸ್ಟ್ರೇ, ಮೂವತ್ತೊಂದನೇ ಪ್ರಶ್ನೆ. ಬೇರೆ ಏನಾದ್ರೂ ಔಷಧಿ ತಗೋತಿದೀರಾ?"

ಕತ್ತರಿ ಮಾಸ್ಟರು ತಲೆಯಲ್ಲಾಡಿಸಿದರು. ಪ್ರತಿ ತಿಂಗಳೂ ಅವರು ಹಾಗೆಯೇ ಅಲ್ಲಾಡಿಸಿದ್ದರು.

ದರ್ಜಿಯ ಮನೆಯವರು ಯಾವ ಕೋಟನ್ನೂ ಜೇಬು ಖಾಲಿ ಮಾಡದೆ ಮಡಿಸುವುದಿಲ್ಲ. ಹೆಂಡತಿ ಭಾವನ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನಸ್ಸು ಎಲ್ಲೋ ಇದ್ದರೂ ಕೈ ತನ್ನ ಪಾಡಿಗೆ ಜೇಬಿಗೆ ಇಳಿದು ಒಂದೊಂದನ್ನೇ ಬೆಂಚಿನ ಮೇಲೆ ಇಡುತ್ತಿತ್ತು: ಅಳತೆ ಪಟ್ಟಿ, ಸೀಮೆಸುಣ್ಣದ ತುಂಡು, ಕನ್ನಡಕದ ಕವರು, ಹತ್ತರಲ್ಲಿ ಎಂಟು ಖಾಲಿಯಾದ ಮಾತ್ರೆಯ ಪಟ್ಟಿ.

ಸಿಸ್ಟರ್ ಅದನ್ನು ಎತ್ತಿ ಹಿಂದುಮುಂದು ನೋಡಿ ಡಾಕ್ಟರಿಗೆ ಕೊಟ್ಟರು.

"ಇದೇನು?" ಎಂದರು ಡಾಕ್ಟರು.

"ಅದು ಔಷಧಿ ಅಲ್ಲ" ಎಂದರು ಕತ್ತರಿ ಮಾಸ್ಟರು. "ಅದು ನೋವಿನ ಮಾತ್ರೆ. ಭುಜಕ್ಕೆ. ಕತ್ತರಿ ಹಿಡಿಯೋ ಭುಜ."

"ದಿನಕ್ಕೆ ಎಷ್ಟು?"

"ಎರಡು. ಕೋಟು ಬಂದ ದಿನ ಮೂರು. ಹೋದ ವಾರ ಬರೀ ಕೋಟೇ."

"ಆ ಔಷಧಿ ಜೊತೆ ಇದು ಸೇರಿದ್ರೆ ರಕ್ತ ನಲ್ಲಿ ಬಿಟ್ಟ ಹಾಗೆ ಬರುತ್ತೆ ಸ್ವಾಮೀ" ಎಂದ ಡಾಕ್ಟರು ಸಿಸ್ಟರಿಗೆ ಏನೋ ಹೇಳಿ, ತಾವೇ ಇಂಜೆಕ್ಷನ್ ತರಲು ಹೊರಟರು. ಬಾಗಿಲಲ್ಲಿ ನಿಂತು ತಿರುಗಿ ಸೂಜಿ ಮಾಸ್ಟರನ್ನು ತೋರಿಸಿದರು. "ಇವರು ಬಾಯಿ ಬಿಡದೇ ಇದ್ದಿದ್ರೆ ನಾವು ಕೋಡ್ ಓದಿ, ಇಂಜೆಕ್ಷನ್ ಕೊಟ್ಟು, ಮನೆಗೆ ಕಳಿಸಿರ್ತಿದ್ವಿ. ಈ ಮಾತ್ರೆ ಜೇಬಲ್ಲೇ ಇರ್ತಿತ್ತು."

ಸೂಜಿ ಮಾಸ್ಟರು ಮಂಚದ ಹತ್ತಿರ ಹೋದರು. ಅರವತ್ತಾರು ವರ್ಷಗಳಲ್ಲಿ ಬ್ರೆಡ್ಡಿನ ಚೂರಿನಿಂದ ಹಿಡಿದು ಹೃದಯದ ಕಾಯಿಲೆಯವರೆಗೆ ಯಾವುದನ್ನೂ ಇಬ್ಬರೂ ಬೇರೆ ಬೇರೆಯಾಗಿ ಅನುಭವಿಸಿರಲಿಲ್ಲ.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತೇನೋ."

"ನಂಗೊಂದು ಮಾತು ಹೇಳ್ದೆ ಒಬ್ಬನೇ ನುಂಗ್ತಿದ್ಯಾ?"

ಕತ್ತರಿ ಮಾಸ್ಟರು ತಮ್ಮನ ಮುಖವನ್ನು ನೋಡಿದರು. ಬಟ್ಟೆಯ ಸಂದಿನಿಂದ ಮೂಗಿನಲ್ಲೇ ಮಾತಾಡಿದರು.

"ನಿಂಗೆ ಭುಜ ನೋಯಲ್ವಲ್ಲೋ."

ಮಧ್ಯಾಹ್ನ ನಾಲ್ಕೂವರೆಗೆ ರಕ್ತ ನಿಂತಿತು. ಕತ್ತರಿ ಮಾಸ್ಟರು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಬಲಗೈಯಲ್ಲಿ ಲೋಟ ಎತ್ತಿ ನೀರು ಕುಡಿದರು. ತಮ್ಮ ಅದನ್ನು ಎರಡು ಸಲ ಮಾಡಿಸಿ ನೋಡಿದರು. ಕೋಡ್ ತೆರೆದಿದ್ದರಿಂದ ಇಬ್ಬರ ಪರೀಕ್ಷೆಯ ಮಾತ್ರೆಗಳನ್ನೂ ನಿಲ್ಲಿಸಿ, ಹೊರಗೆ ಎಲ್ಲರಿಗೂ ಸಿಗುವ ಹಳೇ ಔಷಧಿ ಬರೆದುಕೊಟ್ಟರು. ಸಿಸ್ಟರ್ ದಾಖಲೆಯಲ್ಲಿ "ಔಷಧಿ ಬೆರಕೆ, ಎಣಿಕೆ ಸರಿ" ಎಂದು ಬರೆದರು. ಮಾತ್ರೆ ನಿಂತರೂ ಹೆಸರು ತೆಗೆಯುವಂತಿಲ್ಲವಂತೆ, ಚೀಟಿಯಲ್ಲಿ ಬಿದ್ದ ಗುಂಪಿನಲ್ಲೇ ಕೊನೆಯವರೆಗೆ ಎಣಿಸಬೇಕಂತೆ. ಹಾಗಾಗಿ ಪ್ರತಿ ತಿಂಗಳ ತಪಾಸಣೆಯೂ ನಲವತ್ತೆರಡು ಪ್ರಶ್ನೆಗಳೂ ಮುಂದುವರಿದವು. ಮೂವತ್ತೊಂದನೆಯದನ್ನು ಈಗ ಕತ್ತರಿ ಮಾಸ್ಟರಿಗೆ ಎರಡು ಸಲ ಕೇಳುತ್ತಾರೆ. ಗುಂಡಿಗಳು ಡಬ್ಬಿಗೆ ವಾಪಸ್ಸಾದವು, ಒಂದರ ಹೊರತು. ಅದು ಬಾಟಲಿಯ ಜೊತೆ ಆಸ್ಪತ್ರೆಯ ಕಡತ ಸೇರಿತು.

ಇಬ್ಬರೂ ಈಗ ಒಂದೇ ಅಂಗಡಿಯ, ಒಂದೇ ಬಣ್ಣದ ಮಾತ್ರೆಯನ್ನು ಬೇರೆ ಬೇರೆ ಡಬ್ಬಿಯಿಂದ ನುಂಗುತ್ತಾರೆ.